ಲೈನಿಂಗ್ ಇಲ್ಲದ ಬೆಳಕು

ಮಾರ್ಚ್ 3

ಪ್ರೀತಿಯ ಮಿಡತೆಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಹಳೆಯ ಕ್ಯಾಮೆರಾ, ಅದರ ತಲೆಯ ಮೇಲೆ ಕೂರುವ ಫ್ಲ್ಯಾಶ್ ಎರಡೂ ನನ್ನ ಮನೆಗೆ ಬಂದು ನಾಲ್ಕು ತಿಂಗಳಾಯಿತು. “ಸುಮ್ಮನೆ ಹೂವಿನ ಚಿತ್ರ ತಕ್ಕೊಂಡು ಹಾಯಾಗಿರು” ಅಂದಿದ್ದೆ ನೀನು. ಹೂವು ಎಲ್ಲಿಗೆ ಹೋಗುತ್ತದೆ ಹೇಳು, ನಿಂತಲ್ಲೇ ನಿಂತಿರುತ್ತದೆ. ನಾನು ಹೂವಿನೊಳಗೆ ಓಡಾಡುವವರ ಹಿಂದೆ ಬಿದ್ದಿದ್ದೇನೆ. ಮೂವತ್ತಾರು ವರ್ಷ ಮನುಷ್ಯರ ಸೊಂಟ ಅಳೆದವಳಿಗೆ ಈಗ ಕಣಜದ ಸೊಂಟ ಅಳೆಯುವ ಯೋಗ.

ಮೊದಮೊದಲು ಒಂದೂ ನೆಟ್ಟಗೆ ಬರಲಿಲ್ಲ. ಅಷ್ಟು ಹತ್ತಿರ ಹೋದರೆ ಹುಳದ ಕಣ್ಣು ನಿಚ್ಚಳವಾದಾಗ ಕಾಲು ಮಸುಕು, ಕಾಲು ನಿಚ್ಚಳವಾದಾಗ ಕಣ್ಣು ಮಸುಕು. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿದರೆ ಎರಡೂ ಸಿಗುತ್ತವೆ, ಆದರೆ ಬೆಳಕು ಸಾಲದು. ಅದಕ್ಕೇ ಫ್ಲ್ಯಾಶ್. ಫ್ಲ್ಯಾಶ್ ಹೊಡೆದರೋ, ದುಂಬಿಯ ಬೆನ್ನು ಈಗ ತಾನೇ ತಿಕ್ಕಿಟ್ಟ ಬಾಣಲೆಯ ಹಾಗೆ ಫಳಫಳ, ಮಿಕ್ಕಿದ್ದೆಲ್ಲ ಮಸಿ. ಒಂದು ವಾರ ಯೋಚಿಸಿದೆ. ಒರಟು ಬಟ್ಟೆ ಮೈಗೆ ಚುಚ್ಚಿದರೆ ನಾವು ಏನು ಮಾಡುತ್ತೇವೆ? ಒಳಗೆ ಲೈನಿಂಗ್ ಕೊಡುತ್ತೇವೆ. ಐಸ್‌ಕ್ರೀಮ್ ಡಬ್ಬಿಯ ತಳ ಕತ್ತರಿಸಿ ಫ್ಲ್ಯಾಶಿಗೆ ತೊಡಿಸಿ, ಬಾಯಿಗೆ ಬಿಳಿ ಲೈನಿಂಗ್ ಬಟ್ಟೆಯನ್ನು ಎರಡು ಪದರ ಹೊಲಿದೆ. ತುಂಡು ಸಾಲದೆ ನಡುವೆ ಒಂದು ಜೋಡು ಹೊಲಿಗೆ ಬಂತು. ಈಗ ನನ್ನ ಪ್ರತಿ ದುಂಬಿಯ ಬೆನ್ನ ಮೇಲೂ ಆ ಬಟ್ಟೆಯ ಪ್ರತಿಬಿಂಬ, ಒಂದು ಪುಟ್ಟ ಬಿಳಿ ಕಿಟಕಿ, ಕಿಟಕಿಯ ನಡುವೆ ಒಂದು ಗೆರೆ. ನನ್ನ ರುಜು ಅಂತ ಇಟ್ಟುಕೋ.

ಫ್ಲ್ಯಾಶಿನ ಬಲವನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದ್ದೇನೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುವ ಬೆಳಕು. ಎಲೆ ಅಲುಗಿದರೂ ಚಿತ್ರ ಅಲುಗುವುದಿಲ್ಲ. ಎಡಗೈಯಲ್ಲಿ ಗಿಡದ ದಂಟು, ಆ ಮಣಿಕಟ್ಟಿನ ಮೇಲೇ ಕ್ಯಾಮೆರಾ. ಆಮೇಲೆ ಸೂಜಿಗೆ ದಾರ ಪೋಣಿಸುವ ಹಾಗೆ ಉಸಿರು ಕಟ್ಟಿ, ಇಡೀ ಮೈಯನ್ನು ಕೂದಲೆಳೆಯಷ್ಟು ಮುಂದೆ ಒಯ್ಯುವುದು. ಯಾರೂ ಹೇಳಿಕೊಟ್ಟಿದ್ದಲ್ಲ. ಸೊಂಟ ನೋವೇ ನನ್ನ ಗುರು.

ಒಂದು ನೇಮ ಮಾತ್ರ ಹಾಕಿಕೊಂಡಿದ್ದೇನೆ. ಹುಳವನ್ನು ಹಿಡಿಯುವುದಿಲ್ಲ, ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದಿಲ್ಲ, ಒಂದಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೆಳಕು ಹೊಡೆಯುವುದಿಲ್ಲ. ಅವರ ಮನೆಗೆ ನಾವು ಹೋಗಿರುವುದು.

ಫೋನಿನಲ್ಲಿ ಕಳಿಸಿದರೆ ಚಿತ್ರ ಸೊರಗುತ್ತದೆ ಎಂದು ನೀನೇ ಹೇಳಿದ್ದರಿಂದ ಕ್ಯಾಮೆರಾದ ಮೆಮೊರಿ ಕಾರ್ಡನ್ನೇ ಅಂಚೆಗೆ ಹಾಕಿದ್ದೇನೆ. ಜೊತೆಗೆ ಸ್ಟುಡಿಯೋದಲ್ಲಿ ಹಾಕಿಸಿದ ಒಂಬತ್ತು ಪ್ರಿಂಟ್‌ಗಳಿವೆ. ಪ್ರತಿಯೊಂದರ ಹಿಂದೆ ಅದು ಯಾರು, ಏನು ತಿನ್ನುತ್ತದೆ, ಎಲ್ಲಿ ಸಿಕ್ಕಿತು ಎಂದು ಬರೆದಿದ್ದೇನೆ. ಸಮಯವಾದಾಗ ಬಾ. ಬೀಗದ ಕೈ ಎಂದಿನಂತೆ ಮೂರನೆಯ ಹೂಕುಂಡದ ಕೆಳಗಿದೆ. ನೀನು ಬೆಲ್ ಒತ್ತಿದರೆ ಹೊರಗಿನವರು ಯಾರೋ ಅಂದುಕೊಳ್ಳುತ್ತೇನೆ.

ನಿನ್ನ ದೊಡ್ಡಮ್ಮ

ಮಾರ್ಚ್ 15

ದೊಡ್ಡಮ್ಮಾ,

ಪ್ರಿಂಟ್‌ಗಳನ್ನು ಮೇಜಿನ ಮೇಲೆ ಹರಡಿದ್ದೇ ತಡ, ಇಡೀ ಆಫೀಸು ಬಂದು ಮುತ್ತಿಕೊಂಡಿತು. “ಯಾವ ಫೋಟೋಗ್ರಾಫರ್?” ಅಂದರು. “ನಮ್ಮ ದೊಡ್ಡಮ್ಮ, ಟೈಲರ್” ಅಂದೆ. ಯಾರೂ ನಂಬಲಿಲ್ಲ!

ನನಗೊಂದು ಆಸೆ ಹುಟ್ಟಿದೆ. ನಮ್ಮ ಮಕ್ಕಳ ಪತ್ರಿಕೆಯಿಂದ ವರ್ಷಕ್ಕೆ ಎರಡು ಪುಸ್ತಕ ಬರುತ್ತವೆ. ಮುಂದಿನದು ನಿನ್ನದೇ ಆಗಲಿ. ‘ನಮ್ಮ ಹಿತ್ತಲಿನವರು’ ಅಂತ ಹೆಸರಿಡೋಣ. ಪುಟ ಕಟ್ಟುವುದು ನನ್ನ ಕೆಲಸವೇ ತಾನೇ, ಒಂದು ಹುಳವೂ ಸೊಟ್ಟಗಾಗದ ಹಾಗೆ ನೋಡಿಕೊಳ್ಳುತ್ತೇನೆ. ನೀನು ಪ್ರಿಂಟ್‌ಗಳ ಹಿಂದೆ ಬರೆದದ್ದನ್ನೂ ಹಾಗೇ ಹಾಕೋಣ, ಒಂದಕ್ಷರ ತಿದ್ದುವುದಿಲ್ಲ. ಸಂಪಾದಕರು ಹೂಂ ಅಂದಿದ್ದಾರೆ. ಇನ್ನೂ ತೆಗಿ, ಇನ್ನೂ ಕಳಿಸು.

ನಿನ್ನ ಮಿಡತೆ

ಏಪ್ರಿಲ್ 2

ಮಿಡತೇ,

ನಿನ್ನ ಕಾಗದ ಬಂದ ದಿನ ನಾನು ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಪುಸ್ತಕ! ನನ್ನ ಹೆಸರು ಇದುವರೆಗೆ ಅಚ್ಚಾಗಿದ್ದು ಅಂಗಡಿಯ ಬೋರ್ಡಿನಲ್ಲಿ ಮಾತ್ರ, ಅದರಲ್ಲೂ ಒಂದು ದೀರ್ಘ ಬಿಟ್ಟುಹೋಗಿತ್ತು. ಲೈಬ್ರರಿಯ ಮೇಡಂಗೆ ಹೇಳಿಬಿಟ್ಟೆ, ನೀನು ಬೈಯಬೇಡ. ಶನಿವಾರ ಕಥೆ ಕೇಳಲು ಬರುವ ಮಕ್ಕಳಿಗೆ ಅದನ್ನೇ ಓದಿಸುತ್ತಾರಂತೆ. ಕಪಾಟಿನಲ್ಲಿ ಜಾಗವನ್ನೂ ಬಿಟ್ಟಿದ್ದಾರೆ.

ಈ ಸಲದ ಕಥಾನಾಯಕ ಹುರುಳಿಕಾಯಿ ಬಳ್ಳಿಯ ಮೇಲಿದ್ದಾನೆ. ಕಪ್ಪು ಮೈ, ಬೆನ್ನ ತುಂಬ ಮುಳ್ಳು, ಅಲ್ಲಲ್ಲಿ ಕಿತ್ತಳೆ ಬಣ್ಣದ ಬೊಟ್ಟು. ಅಕ್ಕಿಕಾಳಿನಷ್ಟು ಉದ್ದದ ಮೊಸಳೆ ಅನ್ನು. ಮೊದಲು ನನಗೂ ಅಸಹ್ಯವಾಗಿತ್ತು. ಆಮೇಲೆ ಕೂತು ನೋಡಿದೆ. ಬಳ್ಳಿಯ ಚಿಗುರಿಗೆಲ್ಲ ಗಿಡದ ರಸ ಹೀರುವ ಹಸಿರು ಹೇನು ಮುತ್ತಿತ್ತು, ಇವನು ಒಂದೊಂದನ್ನೇ ಹಿಡಿದು ಹೀರುತ್ತಿದ್ದಾನೆ. ನಾನು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅವನು ಹನ್ನೊಂದು ಮುಗಿಸಿದ. ಯಾರು ಗೊತ್ತೇ? ಗುಲಗಂಜಿ ಹುಳದ ಮರಿ! ಚಿಕ್ಕವಳಿದ್ದಾಗ ಬೆರಳಿಗೆ ಹತ್ತಿಸಿಕೊಂಡು ಕುಣಿಯುತ್ತಿದ್ದೆಯಲ್ಲ, ಕೆಂಪು ಬೆನ್ನಿಗೆ ಕಪ್ಪು ಚುಕ್ಕಿ, ಅದರ ಬಾಲ್ಯ ಇದು. ನೀನೂ ಹುಟ್ಟಿದಾಗ ಏನೂ ಚಂದ ಇರಲಿಲ್ಲ ಬಿಡು.

ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ಗೋಡೆಯ ಮೇಲೆ ಅಂಟಿಸಿದ ಪ್ರಿಂಟ್ ನೋಡಿ ಮೂಗು ಮುರಿದರು. “ಟೈಲರಮ್ಮಾ, ಇದನ್ನ ಕಂಡ್ರೆ ನಾನು ಚಪ್ಪಲಿ ತಗೋತೀನಿ.” “ನಿವೃತ್ತಿ ಆದ್ಮೇಲೂ ಠಸ್ಸೆ ಹೊಡೆಯೋ ಚಟ ಹೋಗಿಲ್ಲ ನಿಮ್ಗೆ” ಅಂದೆ. ನಕ್ಕರು. ಇದು ನಮ್ಮ ಕಡೆಯವನು ಎಂದು ಅರ್ಧ ಗಂಟೆ ತಿಳಿಸಿ ಹೇಳಿದೆ. ತಲೆಯಾಡಿಸಿದರು. ಹೊಕ್ಕಿತೋ ಇಲ್ಲವೋ.

ನನ್ನ ಕಣ್ಣಿನ ಬಗ್ಗೆ ನಿಮ್ಮಮ್ಮ ಏನೋ ಹೇಳಿರಬೇಕು. ಏನಿಲ್ಲ, ಬಲಗಣ್ಣಿಗೆ ಬೆಳಗಿನ ಹೊತ್ತು ಸ್ವಲ್ಪ ಮಂಜು. ವಯಸ್ಸಾದವರ ಕಣ್ಣಿನಲ್ಲಿ ಮಂಜಲ್ಲದೆ ಮಲ್ಲಿಗೆ ಬಿಡುತ್ತದೆಯೇ.

ದೊಡ್ಡಮ್ಮ

ಮೇ 9

ದೊಡ್ಡಮ್ಮ,

ಬರೆಯಲು ತಡವಾಯಿತು, ಕೆಲಸ ಜಾಸ್ತಿ. ಆ ಮುಳ್ಳಿನ ಮರಿಹುಳ ಎಲ್ಲರಿಗೂ ಹಿಡಿಸಿದೆ. ಆದರೆ ಅದರ ಚಿತ್ರ ತೀರಾ ಮೃದುವಾಗಿದೆಯಂತೆ. ಸ್ವಲ್ಪ ಭಯ ಹುಟ್ಟಿಸುವ ಹಾಗೆ ಬೇಕು. ಫ್ಲ್ಯಾಶಿನ ಬಟ್ಟೆ ತೆಗೆದುಬಿಡು, ನೇರ ಬೆಳಕು ಹೊಡಿ, ಕೆಳಗಿನಿಂದ, ಮುಖಕ್ಕೆ. ಹಿಂದೆ ಪೂರ್ತಿ ಕಪ್ಪು ಬಂದರೆ ಒಳ್ಳೆಯದು. ಇಪ್ಪತ್ತೈದರೊಳಗೆ ನನ್ನ ಕೈಸೇರಲೇಬೇಕು.

ಕಾರ್ಡನ್ನು ಆಫೀಸಿಗೆ ಕಳಿಸಬೇಡ, ಮನೆಯ ವಿಳಾಸಕ್ಕೆ ಹಾಕು. ಆಫೀಸಿನಲ್ಲಿ ಟಪಾಲು ಕಳೆದುಹೋಗುತ್ತಿದೆ.

ಮಿಡತೆ

ಮೇ 20

ಮಿಡತೇ,

ನೀನು ಕೇಳಿದ್ದು ಇದರಲ್ಲಿದೆ. ಈ ಕಾಲದ ಮಕ್ಕಳಿಗೆ ಹೆದರಿಕೊಳ್ಳುವುದೇ ಒಂದು ಮೋಜು ಇರಬೇಕು. ನಿನಗೂ ಹಾಗೇ ಇತ್ತು, ರಾಕ್ಷಸ ಬರದ ಕಥೆ ಹೇಳಿದರೆ ಹೊದಿಕೆ ಒದೆಯುತ್ತಿದ್ದೆ.

ಲೈನಿಂಗ್ ಬಿಚ್ಚಲು ಮನಸ್ಸೇ ಬರಲಿಲ್ಲ. ಹಿತ್ತಲಿನಲ್ಲಿ ಮೊಣಕಾಲೂರಿ, ತಲೆಯನ್ನು ಹೆಚ್ಚುಕಡಿಮೆ ಮಣ್ಣಿಗೆ ತಾಗಿಸಿ, ಬೋಳು ಫ್ಲ್ಯಾಶನ್ನು ಅದರ ಮುಖಕ್ಕೆ ಹಿಡಿದೆ. ಹಿಂದೆ ಇಟ್ಟಿರುತ್ತಿದ್ದ ಎಲೆ ಸರಿಸಿದರೆ ಸಾಕು, ಹಗಲಿನಲ್ಲೇ ಕಗ್ಗತ್ತಲೆ ಬರುತ್ತದೆ. ಮೊದಲ ಸಲಕ್ಕೆ ಸುಮ್ಮನಿತ್ತು. ಎರಡನೆಯದಕ್ಕೆ ಮೈ ಮುದುಡಿತು. ಮೂರನೆಯದಕ್ಕೆ ತೆಗೆದದ್ದೇ ಇದು, ಬಾಯಿಯ ಇಕ್ಕಳ ತೆರೆದು, ಮುಳ್ಳೆಲ್ಲ ನಿಮಿರಿಸಿಕೊಂಡು. ಅದೇ ಹುಳ, ಅದೇ ಬಳ್ಳಿ. ಲೈನಿಂಗ್ ತೆಗೆದ ಮಾತ್ರಕ್ಕೆ ಕೊಲೆಗಾರನಾಗಿಬಿಟ್ಟ. ಅಂಗಡಿಯ ಕನ್ನಡಿಯ ಮೇಲೆ ಬೋಳು ಬಲ್ಬ್ ಹಾಕಬಾರದು ಎಂದು ನಾನು ಸುಮ್ಮನೆ ಹೇಳುತ್ತಿರಲಿಲ್ಲ.

ಅದಕ್ಕೇ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ: ‘ಗುಲಗಂಜಿ ಹುಳದ ಮರಿ. ಹೇನು ತಿನ್ನುತ್ತದೆ. ಗಿಡ ಕಾಯುತ್ತದೆ. ನೋಡಲು ಹೀಗಿದ್ದರೂ ಸಾಧು.’ ಪುಟದ ಮೇಲೆ ಇದು ತಪ್ಪದೆ ಬರಲಿ. ಇಲ್ಲದಿದ್ದರೆ ಮಕ್ಕಳು ತಪ್ಪು ತಿಳಿದಾರು.

ಮೂಲೆಯಲ್ಲಿ ನೀಲಿ ದಾರದ ಗಂಟು ಕಾಣುತ್ತದೆ. ಬಳ್ಳಿಯನ್ನು ಕೋಲಿಗೆ ಕಟ್ಟಿದ್ದು, ಶಾಲೆಯ ಸಮವಸ್ತ್ರ ಹೊಲಿದು ಉಳಿದ ದಾರ. ಬೇಡವೆನಿಸಿದರೆ ಕತ್ತರಿಸು.

ಹನ್ನೆರಡನೆಯ ತಾರೀಕಿಗೆ ನನಗೊಂದು ಕೆಲಸ ನಿಗದಿಯಾಗಿತ್ತು, ನಿನ್ನ ಇಪ್ಪತ್ತೈದಕ್ಕಾಗಿ ಮುಂದೆ ಹಾಕಿಸಿದೆ. ದೊಡ್ಡದೇನಲ್ಲ.

ದೊಡ್ಡಮ್ಮ

ಜೂನ್ 1

ಸಿಕ್ಕಿತು ದೊಡ್ಡಮ್ಮ. ಅದ್ಭುತವಾಗಿದೆ. ಎಲ್ಲರೂ ಮೆಚ್ಚಿದರು. ಪುಸ್ತಕ ಸ್ವಲ್ಪ ತಡವಾಗಬಹುದು. ಆರೋಗ್ಯ ನೋಡಿಕೋ.
— ಮಿ.

ಆಗಸ್ಟ್ 6

ಮಿಡತೇ,

ಇದು ನಾನು ಬರೆಯುತ್ತಿರುವ ಮೂರನೆಯದು. ಹಿಂದಿನ ಎರಡನ್ನು ನಿನ್ನ ಮನೆಯ ಟಪಾಲು ಪೆಟ್ಟಿಗೆ ನುಂಗಿತೋ ಏನೋ. ಮಾತಾಡೋಣವೆಂದರೆ ನಿನ್ನ ಫೋನು ಯಾವಾಗಲೂ “ಆಮೇಲೆ ಮಾಡ್ತೀನಿ ದೊಡ್ಡಮ್ಮ” ಅನ್ನುತ್ತದೆ. ಆ ‘ಆಮೇಲೆ’ ಅನ್ನುವ ಊರು ಎಲ್ಲಿದೆಯೋ, ಅಲ್ಲಿಗೆ ಬಸ್ಸಿದೆಯೋ ಇಲ್ಲವೋ.

ಪುಸ್ತಕದ ವಿಷಯ ಲೈಬ್ರರಿಯ ಮೇಡಂ ಕೇಳುವುದನ್ನು ಬಿಟ್ಟಿದ್ದಾರೆ. ಕೇಳುತ್ತಿದ್ದಾಗಲೇ ವಾಸಿಯಿತ್ತು. ಬಿಟ್ಟ ಜಾಗದಲ್ಲಿ ಒಂದು ಗಡಿಯಾರ ಇಟ್ಟಿದ್ದಾರೆ.

ನಿನ್ನ ಮೇಲೆ ಕೋಪವಿಲ್ಲ. ಅಚ್ಚಿನ ಕೆಲಸವೂ ಹೊಲಿಗೆಯ ಹಾಗೇ, ಹೇಳಿದ ದಿನಕ್ಕೆ ಮುಗಿದರೆ ಅದು ಅವಸರದ ಕೆಲಸ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಈ ತಿಂಗಳ ಕೊನೆಗೆ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಗಿಡಗಳಿಗೆ ನೀರು ಹಾಕಲು ಪೋಸ್ಟ್‌ಮಾಸ್ಟರಿಗೆ ಹೇಳಿದ್ದೇನೆ. ಬಳ್ಳಿಯಲ್ಲಿ ಈಗ ಎರಡನೆಯ ಸಂಸಾರ, ಎಣಿಸಿದ್ದು ಮೂವತ್ತೊಂದು ಮರಿ.

ದೊಡ್ಡಮ್ಮ

ಆಗಸ್ಟ್ 29

ಮಿಡತೆಗೆ,

ನಾಲ್ಕು ದಿನ ಎಲ್ಲಿಗೆ ಹೋಗಿದ್ದೆ ಎಂದು ನಿನಗೆ ಹೇಳಿರಲಿಲ್ಲ. ಬಲಗಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ. ಮೇ ಹನ್ನೆರಡಕ್ಕೆ ನಿಗದಿಯಾಗಿದ್ದು ಅದೇ. ಒಮ್ಮೆ ಬಿಟ್ಟ ಸರದಿ ಮತ್ತೆ ಸಿಗಲು ಆಗಸ್ಟ್ ಆಯಿತು. ಅಷ್ಟರಲ್ಲಿ ಪೊರೆ ಬಲಿತು, ಡಾಕ್ಟರ್ ಬೈದರು. ನಿನ್ನ ಪುಸ್ತಕಕ್ಕಾಗಿ ತಾನೇ ಎಂದು ಬೈಗುಳವನ್ನೂ ನುಂಗಿಕೊಂಡೆ.

ಮೊನ್ನೆ ಮನೆಗೆ ಬಂದೆ. ಕಣ್ಣಿನ ಪಟ್ಟಿ ತೆಗೆದಿದ್ದರು. ಬಾಗಬಾರದು, ಧೂಳಿಗೆ ಹೋಗಬಾರದು ಎಂದಿದ್ದರೂ ಚೀಲವನ್ನು ಬಾಗಿಲಲ್ಲೇ ಇಟ್ಟು ನೇರ ಹಿತ್ತಲಿಗೆ ನಡೆದೆ. ಹೊಸ ಕಣ್ಣಿನಲ್ಲಿ ಮೊದಲು ಅವರನ್ನೇ ನೋಡಬೇಕೆಂಬ ಹುಚ್ಚು. ಎಲೆಯ ಒಂದೊಂದು ನರವೂ ಕಂಡಿತು ಕಣೇ. ಎಲ್ಲ ಶುಭ್ರವಾಗಿತ್ತು. ಒಂದು ಹುಳವಿರಲಿಲ್ಲ. ಚೆಂಡುಹೂವಿನ ಮೇಲೆ ಜೇನಿಲ್ಲ, ಗೋಡೆಯ ಬಿರುಕಿನಲ್ಲಿ ಜೇಡವಿಲ್ಲ. ಬಳ್ಳಿಯ ಬುಡದಲ್ಲಿ ಮಾತ್ರ ಕಪ್ಪು ದಾರದ ಚೂರುಗಳ ಹಾಗೆ ಏನೋ ಬಿದ್ದಿತ್ತು. ಬಾಗದೆ ನೋಡಲು ಆಗಲಿಲ್ಲ. ಬಾಗಿದೆ.

ಪೋಸ್ಟ್‌ಮಾಸ್ಟರು ಕಾಂಪೌಂಡಿನ ಆಚೆಯಿಂದಲೇ ಕೂಗಿದರು. “ಹೇಗಿದೆ ಟೈಲರಮ್ಮಾ? ನೀವು ಬರೋದ್ರೊಳಗೆ ಎಲ್ಲ ಕ್ಲೀನ್ ಮಾಡ್ಸಿದೀನಿ!” ಮುಖದಲ್ಲಿ ಎಂಥ ಸಂತೋಷ ಅಂತೀಯ.

“ಏನ್ ಹೊಡೆದ್ರಿ?” ಅಂದೆ.

“ಬೀಜದಂಗಡೀಲಿ ಹೊಸ ಔಷಧಿ ಬಂದಿದೆ. ಡಬ್ಬಿ ಮೇಲೆ ನಿಮ್ಮನೆ ಹುಳಾನೇ ಅಚ್ಚಾಗಿದೆ! ದಿನಾ ನಿಮ್ಮ ಗೋಡೆ ಮೇಲೆ ನೋಡ್ತಿದ್ನಲ್ಲ, ಕಂಡ ಕೂಡ್ಲೇ ಗುರುತು ಸಿಕ್ತು.”

“ಅದು ಒಳ್ಳೇದು ಅಂತ ಹೇಳಿದ್ನಲ್ಲ.”

“ಹೇಳಿದ್ರಿ. ಆದ್ರೆ ಅಚ್ಚು ಹಾಕಿರೋರು ಕಂಪನಿಯೋರು, ಓದಿದೋರು. ಪಾಪ, ಕಣ್ಣು ಸರಿ ಕಾಣ್ದೆ ನೀವೇ ತಪ್ಪು ತಿಳ್ಕೊಂಡಿದೀರಿ ಅಂದ್ಕೊಂಡೆ.”

ಡಬ್ಬಿ ತಂದು ಕೈಗೆ ಕೊಟ್ಟರು. ಕಪ್ಪು ಹಿನ್ನೆಲೆ. ತೆರೆದ ಇಕ್ಕಳ. ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಡ್ಡ ಎರಡು ಗೆರೆ. ಕೆಳಗಿನ ಮೂಲೆಯಲ್ಲಿ ನೀಲಿ ದಾರ. ನನ್ನ ಗಂಟನ್ನು ನಾನು ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತೇನೆ, ಎರಡು ಸುತ್ತು, ಒಂದು ಒಳಕುಣಿಕೆ.

ನಿನ್ನ ಪತ್ರಿಕೆಯಿಂದ ಯಾರೋ ಕದ್ದಿರಬೇಕು ಎಂದುಕೊಂಡೆ. ನೋಡು, ಆಗಲೂ ಹಾಗೇ ಅಂದುಕೊಂಡೆ. ಟಪಾಲು ಕಳೆಯುತ್ತಿದೆ ಎಂದು ನೀನೇ ಬರೆದಿದ್ದೆಯಲ್ಲ. ಪಾಪ, ಹುಡುಗಿಗೆ ತಿಳಿಸಬೇಕೆಂದು ಪತ್ರಿಕೆಯ ಆಫೀಸಿಗೆ ಫೋನ್ ಹಚ್ಚಿದೆ. ಕಾವಲಿನವನು ಎತ್ತಿಕೊಂಡ. ಪತ್ರಿಕೆ ನಿಂತು ನಾಲ್ಕೂವರೆ ತಿಂಗಳಾಯಿತಂತೆ. ನೀನು ಔಷಧಿ ಡಬ್ಬಿಗಳಿಗೆ ಚಿತ್ರ ಮಾಡುವ ಕಡೆ ಸೇರಿದ್ದೀಯಂತೆ. “ಒಳ್ಳೆ ಕೆಲ್ಸ ಸಿಕ್ತು ಬಿಡಿ ಅವ್ರಿಗೆ” ಎಂದ.

ನಾಲ್ಕೂವರೆ ತಿಂಗಳು. ಬೆರಳು ಮಡಿಸಿ ಎಣಿಸಿದೆ. ಏಪ್ರಿಲ್ ಮಧ್ಯ. ‘ಬಟ್ಟೆ ತೆಗೆದುಬಿಡು’ ಎಂದು ನೀನು ಬರೆದದ್ದು ಮೇ ಒಂಬತ್ತು.

ಒಂದೇ ಒಂದು ಕೇಳುತ್ತೇನೆ. ಪ್ರಿಂಟಿನ ಹಿಂದೆ ನಾನು ಬರೆದದ್ದನ್ನು ಓದಿದ್ದೆಯಾ?

ಸೆಪ್ಟೆಂಬರ್ 8

ದೊಡ್ಡಮ್ಮ,

ಓದಿದ್ದೆ.

ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ಪತ್ರಿಕೆ ನಿಂತಾಗ ನಿನಗೆ ತಿಳಿಸಲು ನಾಲ್ಕು ಸಲ ಕೂತೆ. ನೀನು ಲೈಬ್ರರಿಗೆಲ್ಲ ಹೇಳಿಬಿಟ್ಟಿದ್ದೆ. ಎರಡು ವಾರ ಕೆಲಸವಿಲ್ಲದೆ ಅಲೆದೆ, ಆಮೇಲೆ ಇದು ಸಿಕ್ಕಿತು. ಬಂದ ಮೊದಲ ವಾರವೇ ಮ್ಯಾನೇಜರು ಆ ಡಬ್ಬಿಯ ಕೆಲಸ ಕೊಟ್ಟರು. ಹೇನಿನ ಚಿತ್ರಗಳನ್ನೇ ತೋರಿಸಿದೆ, ನಿನ್ನವೇ. “ಇದೇನ್ರೀ, ಹಸಿರು ಅಕ್ಕಿಕಾಳಿನ ಥರ ಇದೆ, ನೋಡಿದ್ರೆ ಪಾಪ ಅನ್ಸುತ್ತೆ. ಹೆದರಿಕೆ ಆಗೋ ಮುಖ ತನ್ನಿ” ಎಂದರು. ನನ್ನ ಚೀಲದಲ್ಲಿ ನಿನ್ನ ಮರಿಹುಳವಿತ್ತು. “ಆದ್ರೆ ಇದು ಹೇನು ತಿನ್ನೋದು ಸರ್” ಅಂದೆ, ಅಂದದ್ದಂತೂ ನಿಜ. “ಯಾರಿಗ್ರೀ ಗೊತ್ತಾಗುತ್ತೆ?” ಎಂದರು. ಆ ಸಂಜೆಯೇ ನಿನಗೆ ‘ಬಟ್ಟೆ ತೆಗೆದುಬಿಡು’ ಎಂದು ಬರೆದೆ.

ನಿನಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ನಿಮ್ಮ ಕಡೆಗೆ ಆ ಡಬ್ಬಿ ಬರುವುದಿಲ್ಲ ಎಂದುಕೊಂಡೆ. ಕಣ್ಣಿನ ಆಪರೇಷನ್ ವಿಷಯ ನೀನು ಹೇಳಿದ್ದರೆ ದೇವರಾಣೆಗೂ ಅವಸರ ಮಾಡುತ್ತಿರಲಿಲ್ಲ. ನೀನೂ ಮುಚ್ಚಿಟ್ಟೆಯಲ್ಲ.

ಈಗ ಹೇಗಾದರೂ ಸರಿಮಾಡಬೇಕು. ಮ್ಯಾನೇಜರ ಹತ್ತಿರ ಮಾತಾಡಿದ್ದೇನೆ. ಇನ್ನೂ ಐದು ಡಬ್ಬಿ ಬರುವುದಿದೆ. ನೀನು ಅದೇ ಥರ ಐದು ಚಿತ್ರ ತೆಗೆದುಕೊಟ್ಟರೆ ಪ್ರತಿ ಡಬ್ಬಿಯ ಮೇಲೂ ನಿನ್ನ ಹೆಸರು ಹಾಕಲು ಒಪ್ಪಿದ್ದಾರೆ. ಈ ಸಲ ಸರಿಯಾದ ಹುಳಗಳನ್ನೇ ತೆಗಿ. ಹೆಸರು ಅಚ್ಚಾಗಬೇಕೆಂದು ನಿನಗೆ ಎಷ್ಟು ಆಸೆಯಿತ್ತು ಎಂದು ನನಗೆ ಗೊತ್ತಿಲ್ಲವೇ.

ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ. ಎದುರಿಗೆ ಕೂತು ಬೈಸಿಕೊಳ್ಳುತ್ತೇನೆ. ಆಗಬಹುದಾ?

ನಿನ್ನ ಮಿಡತೆ

ಸೆಪ್ಟೆಂಬರ್ 30

ತಂಗಿಯ ಮಗಳಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಹೊಸ ಕಣ್ಣು ಚೆನ್ನಾಗಿ ಓದುತ್ತದೆ. ನಾನೂ ಮುಚ್ಚಿಟ್ಟೆ ಎಂದಿದ್ದೀಯ, ನಿಜ. ನಾನು ಮುಚ್ಚಿಟ್ಟದ್ದು ನಿನಗೆ ಭಾರವಾಗದಿರಲಿ ಎಂದು. ನೀನು ಯಾಕೆ ಮುಚ್ಚಿಟ್ಟೆ ಎಂಬುದು ನಿನ್ನ ಕಾಗದದಲ್ಲೇ ಇದೆ.

ಹೆಸರು ಬೇಡ. ಐದು ಚಿತ್ರವನ್ನೂ ತೆಗೆಯುವುದಿಲ್ಲ. ತೆಗೆಯೋಣವೆಂದರೂ ಹಿತ್ತಲಿನಲ್ಲಿ ಈಗಿರುವುದು ಹೇನು ಮಾತ್ರ. ಔಷಧಿಗೆ ಸಿಕ್ಕಿ ಮೊದಲು ಸತ್ತವರು ಹೇನು ತಿನ್ನುವವರು, ಮೊದಲು ವಾಪಸ್ಸು ಬಂದವರು ಹೇನುಗಳು. ಬಳ್ಳಿಯ ತುದಿಯೆಲ್ಲ ಮುದುಡಿ ಅಂಟಾಗಿದೆ. ಪೋಸ್ಟ್‌ಮಾಸ್ಟರು ಬೆಳಗಿನ ಹೊತ್ತು ಬಂದು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಾರೆ. ನಾನು ಒರೆಸಿ ಎಂದಿಲ್ಲ, ಅವರೂ ಕೇಳಿಲ್ಲ. ಮೊನ್ನೆ ಮಾತ್ರ “ಮೂವತ್ತು ವರ್ಷ ಒಂದು ಕಾಗದ ತಪ್ಪು ಮನೆಗೆ ಹೋಗದ ಹಾಗೆ ನೋಡ್ಕೊಂಡೋನು ನಾನು, ಟೈಲರಮ್ಮ” ಎಂದು ಹೇಳಿ ಮುಖ ತಿರುಗಿಸಿದರು. ಅವರ ಮೇಲೆ ನನಗೆ ಸಿಟ್ಟೇ ಬರುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ.

ಬೀಜದಂಗಡಿಗೆ ಹೋಗಿದ್ದೆ. ಕಪಾಟಿನಲ್ಲಿ ಇಪ್ಪತ್ಮೂರು ಡಬ್ಬಿಗಳು ಸಾಲಾಗಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು. ಒಂದೊಂದರ ಮೇಲೂ ಚೀಟಿ ಅಂಟಿಸುತ್ತೇನೆ ಎಂದೆ. ಅಂಗಡಿಯವನು ಕೈಮುಗಿದ. “ಅಮ್ಮಾ, ಕಂಪನಿಯೋರು ನೋಡಿದ್ರೆ ನನ್ನ ಕಥೆ ಮುಗೀತು.”

“ನಿನ್ನ ಮೊದಲ್ನೇ ಚಡ್ಡಿ ಹೊಲಿದೋಳು ನಾನು. ಅದರ ಮರ್ಯಾದೆಗಾದ್ರೂ ಒಂದು ಮೊಳೆ ಹೊಡಿಯೋಕೆ ಬಿಡು.”

“ಗಿರಾಕಿಗಳ ಮುಂದೆ ಚಡ್ಡಿ ವಿಷ್ಯ ಯಾಕಮ್ಮಾ” ಎಂದು ಅವನೇ ಸುತ್ತಿಗೆ ತಂದ.

ಕಪಾಟಿನ ಎದುರಿಗೆ, ಕೊಳ್ಳುವವರ ಕಣ್ಣಿನ ಎತ್ತರಕ್ಕೆ, ಏಪ್ರಿಲಿನಲ್ಲಿ ತೆಗೆದ ಪ್ರಿಂಟನ್ನು ತೂಗುಹಾಕಿ ಬಂದಿದ್ದೇನೆ. ಲೈನಿಂಗ್ ಇದ್ದಾಗ ತೆಗೆದದ್ದು. ಬೆನ್ನ ಮೇಲೆ ಪುಟ್ಟ ಬಿಳಿ ಕಿಟಕಿ, ಬಾಯಲ್ಲಿ ಒಂದು ಹೇನು. ಈ ಸಲ ಹಿಂದೆ ಬರೆಯಲಿಲ್ಲ, ಮುಂದೆಯೇ ಬರೆದೆ: ‘ಡಬ್ಬಿಯ ಮೇಲಿರುವುದೂ ಇದೇ. ಗುಲಗಂಜಿ ಹುಳದ ಮರಿ. ಹೇನು ತಿನ್ನುತ್ತದೆ. ಕೊಲ್ಲಬೇಡಿ. ಎರಡು ಚಿತ್ರವನ್ನೂ ತೆಗೆದವಳು ನಾನೇ.’ ಕೆಳಗೆ ಹೆಸರು ಹಾಕಿದೆ, ದೀರ್ಘದ ಸಮೇತ. ಕಟ್ಟಿದ್ದು ಅದೇ ನೀಲಿ ದಾರದಲ್ಲಿ.

ಕ್ಯಾಮೆರಾವನ್ನು ಹಿಂದಕ್ಕೆ ಕಳಿಸುತ್ತಿಲ್ಲ. ಕೊಟ್ಟ ದಿನ ನೀನು ಮನಸಾರೆ ಕೊಟ್ಟಿದ್ದೆ, ಅದು ನನಗೆ ಗೊತ್ತು. ಲೈನಿಂಗನ್ನು ಬಿಚ್ಚಲು ಬಾರದ ಹಾಗೆ ಫ್ಲ್ಯಾಶಿನ ಐಸ್‌ಕ್ರೀಮ್ ಡಬ್ಬಿಗೆ ಸೇರಿಸಿ ಹೊಲಿದಿದ್ದೇನೆ.

ಬರುತ್ತೇನೆ ಎಂದು ಬರೆದಿದ್ದೀಯ. ಬಾ. ಬೇಡ ಅನ್ನಲು ನನಗೆ ಬಾಯಿಲ್ಲ, ಎತ್ತಿ ಆಡಿಸಿದ ಕೈಗಳಿವು. ಊಟ ಹಾಕುತ್ತೇನೆ, ಹಾಸಿಗೆ ಹಾಸುತ್ತೇನೆ. ಆದರೆ ಹೂಕುಂಡ ಎತ್ತಿ ಹುಡುಕಬೇಡ, ಬೀಗದ ಕೈ ಈಗ ಅಲ್ಲಿರುವುದಿಲ್ಲ. ಬಂದಾಗ ಬೆಲ್ ಒತ್ತು.

ದೊಡ್ಡಮ್ಮ